ಸೂರ್ಯನಿಲ್ಲದ ಸಿನಿಮಾದ ಮಳೆಗಾಲ

ಹೋದ ತಿಂಗಳು ದಹಿಸರ್‌ನಲ್ಲಿ ಪರಿಚಯದವರೊಬ್ಬರ ಹೊಸ ಫ್ಲ್ಯಾಟಿನ ವಾಸ್ತುಶಾಂತಿ ಇತ್ತು. ಊಟಕ್ಕೆ ಮುಂಚೆ ಆ ಮನೆಯ ಸೊಸೆ ತಟ್ಟೆಯಲ್ಲಿ ಗುಲಾಬಿ ಶರಬತ್ತು ಹಿಡಿದು ಬಂದಳು. ಒಂದು ಗ್ಲಾಸು ತೆಗೆದುಕೊಂಡು ಬಾಲ್ಕನಿಗೆ ಹೋದೆ. ಎದುರಿಗೆ, ಎರಡು ಬಿಲ್ಡಿಂಗುಗಳ ಸಂದಿಯಲ್ಲಿ, ಕಡಿದ ಗುಡ್ಡದ ಕಪ್ಪು ಗೋಡೆ ಕಂಡಿತು. ಬೆಳಗಿನ ಮಳೆಗೆ ನೆನೆದು ಹೊಳೆಯುತ್ತಿತ್ತು. ಗ್ಲಾಸನ್ನು ಬಾಯಿಗೆ ತಂದವನು ಕುಡಿಯಲಾರದೆ ನಿಂತೆ. ಸಕ್ಕರೆ ಕಾಯಿಲೆ ಅಂತ ಸುಳ್ಳು ಹೇಳಿ ಆ ಹುಡುಗಿಗೆ ಗ್ಲಾಸು ವಾಪಸು ಕೊಟ್ಟೆ.

ಆ ವಾಸನೆ ನನ್ನ ಮಟ್ಟಿಗೆ ರಕ್ತದ ವಾಸನೆ. ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಇದೇ ಗುಡ್ಡದ ಬುಡದ ಕಲ್ಲುಕ್ವಾರಿಯಲ್ಲಿ, ನಾವು ಬಕೆಟ್ಟುಗಟ್ಟಲೆ ಗುಲಾಬಿ ಶರಬತ್ತನ್ನು ಜನರ ಬಾಯಿಗೂ ಕುತ್ತಿಗೆಗೂ ಬಳಿದಿದ್ದೆವು. ಒಂದು ಸಿನಿಮಾಕ್ಕಾಗಿ. ಅದರ ಹೆಸರು ‘ಸೂರಜ್ ಕೇ ಬಾದ್’. ಅದನ್ನು ನೋಡಿದವರು ಯಾರೂ ನನಗೆ ಈವರೆಗೆ ಸಿಕ್ಕಿಲ್ಲ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ವಿಜಾಪುರದ ಕಡೆಯಿಂದ ಬಂದು ಸಯನ್‌ನಲ್ಲಿ ಕಾಕಾನ ಮನೆಯಲ್ಲಿದ್ದೆ. ದಾದರ್‌ನ ಒಂದು ಸಣ್ಣ ಫಿಲ್ಮ್ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಆಫೀಸೆಂದರೆ ಒಂದು ಕೋಣೆ, ಎರಡು ಮೇಜು, ಮತ್ತು ಬೆಹರಾಂಜಿ. ಬೆಹರಾಂಜಿ ನಮ್ಮ ನಿರ್ದೇಶಕರು. ಅರುವತ್ತು ದಾಟಿದ, ಸಣಕಲು ಮೈಯ, ದಪ್ಪ ಕನ್ನಡಕದ ಪಾರ್ಸಿ ಮನುಷ್ಯ. ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ, ಚಹಾ ತರುವವನನ್ನು ಕೂಡ. ಹಿಂದೆ ಅವರು ಮಾಡಿದ ಮೂರು ಚಿತ್ರಗಳೂ ಒಂದೊಂದು ವಾರ ಓಡಿ ನಿಂತಿದ್ದವು. ನಾಲ್ಕನೆಯದರ ಕತೆಯನ್ನು ನಾನೇ ಮೂರು ಸಲ ಟೈಪ್ ಮಾಡಿದ್ದೆ.

ಕತೆ ಹೀಗಿತ್ತು. ದೊಡ್ಡ ದೇಶಗಳು ಒಂದರ ಮೇಲೊಂದು ಬಾಂಬು ಹಾಕಿ ಜಗತ್ತೆಲ್ಲ ಸುಟ್ಟುಹೋಗಿದೆ. ಹೊಗೆ ಕವಿದು ಸೂರ್ಯ ಕಾಣುವುದೇ ಇಲ್ಲ. ಬಿಸಿಲಿಗೆ ಹೆದರಿ ಗವಿಗಳಲ್ಲಿ ಅಡಗಿದ್ದ ರಕ್ತ ಹೀರುವ ಪಿಶಾಚಿಗಳು ಈಗ ಹಾಡುಹಗಲೇ ಹೊರಗೆ ಬಂದಿವೆ. ಉಳಿದಿರುವ ನಾಲ್ಕು ಜನ ಮನುಷ್ಯರನ್ನು ಕಾಪಾಡಲು ಚರ್ಮದ ಜಾಕೀಟು ತೊಟ್ಟ ಒಬ್ಬ ಹೆಣ್ಣುಮಗಳು ಖಡ್ಗ ಹಿಡಿದು ಹೊರಡುತ್ತಾಳೆ.

‘ಲೈಟುಗಳು ಯಾಕೆ ಬೇಕು?’ ಅಂತ ಬೆಹರಾಂಜಿ ನನಗೆ ಖುಷಿಯಿಂದ ವಿವರಿಸಿದ್ದರು. ‘ಮುಂಬಯಿಯ ಮಳೆಗಾಲದ ಮೋಡವೇ ನಮಗೆ ಸತ್ತ ಆಕಾಶ. ಜೂನ್‌ನಲ್ಲಿ ಶುರು ಮಾಡೋಣ. ಬಿಸಿಲು ಬೀಳುವಷ್ಟರಲ್ಲಿ ಮುಗಿಸೋಣ.’

ಸುಟ್ಟ ಜಗತ್ತಿಗೆ ಅವರು ಹುಡುಕಿದ ಜಾಗ ದಹಿಸರ್‌ನ ಕ್ವಾರಿ. ಮಳೆಗಾಲದಲ್ಲಿ ಗುಂಡಿಗಳಿಗೆ ನೀರು ತುಂಬಿ ಅಲ್ಲಿ ಕೆಲಸ ಅರ್ಧಕ್ಕರ್ಧ ನಿಂತಿರುತ್ತಿತ್ತು. ಕಲ್ಲೊಡೆಯುವವರು ತಗಡಿನ ಗುಡಿಸಲುಗಳ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಅವರೆಲ್ಲ ನಮ್ಮ ಕಡೆಯವರು. ಬಾಗಲಕೋಟೆ, ಬಾದಾಮಿ ಸುತ್ತಿನ ಹಳ್ಳಿಗಳಿಂದ ಅದರ ಹಿಂದಿನ ವರ್ಷವಷ್ಟೇ ಬಂದವರು, ಹಿಂದಿ ಬಾರದವರು. ಪಿಶಾಚಿಗಳ ಪಾತ್ರಕ್ಕೆ ಅವರು ಸಾಕು ಅಂತ ಬೆಹರಾಂಜಿ ನಿರ್ಧರಿಸಿದ ಮೇಲೆ, ಅವರೊಂದಿಗೆ ಮಾತಾಡಲು ಆಫೀಸಿನಲ್ಲಿ ಇದ್ದವನು ನಾನೊಬ್ಬನೇ. ಹಾಗಾಗಿ ಟೈಪಿಂಗ್ ಮೆಷಿನ್ ಬಿಟ್ಟು ದಿನಾ ಬೆಳಗ್ಗೆ ದಹಿಸರ್‌ಗೆ ಲೋಕಲ್ ಹಿಡಿದೆ.

ಮೊದಲ ದಿನವೇ ನನ್ನನ್ನು ಮಾತಾಡಿಸಿದವಳು ಗಂಗವ್ವ. ಇಪ್ಪತ್ತೈದರ ಆಸುಪಾಸಿನ, ಎತ್ತರದ, ಗಟ್ಟಿ ಭುಜದ ಹೆಂಗಸು.

‘ರಕ್ತಾ ಕುಡಿಯೂ ದೆವ್ವ ಆಗ್ಬೇಕಂತ ಹೌದೇನ್ರಿ ಅಣ್ಣಾರ? ಸುದ್ದಿ ಊರಿಗೆ ಹೋದ್ರ ನಮ್ಮತ್ತಿ ಏನಂದಾಳು?’

‘ಊರಾಗ ಈ ಸಿನಿಮಾ ಬರೂದಿಲ್ಲ ಬಿಡವಾ’ ಅಂದೆ.

‘ಹಂಗಿದ್ರ ನಾನೂ ಒಂದ ದೆವ್ವ. ಬರಕೋರಿ’ ಅಂತ ನಕ್ಕಳು. ಅವಳ ಗಂಡ ಹಣಮಪ್ಪ ಹಿಂದೆ ನಿಂತು ಹೆಂಡತಿಯ ಧೈರ್ಯಕ್ಕೆ ತಾನೇ ನಾಚಿಕೊಂಡ.

ಆ ಎರಡು ತಿಂಗಳು ನಾನು ಸುಖವಾಗಿದ್ದೆ. ಅದನ್ನೂ ಹೇಳಿಬಿಡಬೇಕು. ಮುಖಕ್ಕೆ ಸುಣ್ಣ, ಕಣ್ಣ ಸುತ್ತ ಕಾಡಿಗೆ, ಗದ್ದದಿಂದ ಇಳಿಯುವ ಗುಲಾಬಿ ಶರಬತ್ತು. ಮಳೆ ಬಂದರೆ ಸುಣ್ಣ ತೊಳೆದುಹೋಗುತ್ತಿತ್ತು, ಮತ್ತೆ ಬಳಿಯುತ್ತಿದ್ದೆವು. ಮಳೆ ನಿಂತರೆ ಇರುವೆಗಳು ಬರುತ್ತಿದ್ದವು. ಸತ್ತಂತೆ ಬಿದ್ದಿರಬೇಕಾದ ಪಿಶಾಚಿಗಳು ಇರುವೆ ಕಡಿದು ಎದ್ದು ಕುಣಿಯುವುದು, ಕ್ಯಾಮೆರಾಮನ್ ಶಿಂದೆ ಮರಾಠಿಯಲ್ಲಿ ಬಯ್ಯುವುದು, ನಾನು ಆ ಬೈಗುಳವನ್ನು ಮೆತ್ತಗೆ ಮಾಡಿ ಕನ್ನಡಕ್ಕೆ ತರುವುದು. ಒಬ್ಬ ಮುದುಕಿ ಕೇಳಿದಳು: ‘ಬಾಯಾಗ ಇದ್ದದ್ದು ನುಂಗಬಹುದೇನ್ರಿ? ಛಲೋ ಐತಿ.’ ಇದನ್ನು ನಾನು ಹಿಂದಿಗೆ ತಂದಾಗ ಬೆಹರಾಂಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮರುದಿನ ಅವಳಿಗೊಂದು ಬಾಟಲಿ ತಂದುಕೊಟ್ಟರು.

ಅವರು ಅಂಥವರು. ಒಮ್ಮೆ ಒಬ್ಬಾತ, ಈ ಬಂಡೆಯ ಮೇಲೆ ನಮ್ಮ ದೇವರನ್ನಿಟ್ಟಿದ್ದೇವೆ, ಇಲ್ಲಿ ದೆವ್ವದ ವೇಷ ಬೇಡ ಅಂದ. ನಾನು ಹೇಳಿದ ಕೂಡಲೇ ಬೆಹರಾಂಜಿ ಇಡೀ ಸಾಮಾನು ಎತ್ತಿಸಿ ಆಚೆ ಬದಿಗೆ ಹಾಕಿಸಿದರು. ಅದಕ್ಕೆ ಅರ್ಧ ದಿನ ಹೋಯಿತು. ಶಿಂದೆ ಸಿಟ್ಟಾದದ್ದು ನನ್ನ ಮೇಲೆ. ನಾಯಕಿಯೂ ಉಳಿದವರೂ ಛತ್ರಿಯಡಿ ನಿಂತು ಕೇಳುತ್ತಿರುವಾಗಲೇ ಅಂದ: ‘ನೀನು ಪಿಕ್ಚರ್ ಕಂಪನಿಯವನೋ, ಇವರ ವಕೀಲನೋ? ಅವರು ಹೇಳಿದ್ದನ್ನೆಲ್ಲ ಸಾಹೇಬರ ಕಿವಿಗೆ ಹಾಕಬೇಕಂತ ನಿನಗೆ ಯಾರು ಹೇಳಿದರು?’

ನಾಯಕಿ ನಕ್ಕಳು. ನನಗೆ ನಾಚಿಕೆಯಾಯಿತು. ತಗಡಿನ ಗುಡಿಸಲುಗಳ ಕಡೆಯವನು ಅಂತ ಅವರು ನನ್ನನ್ನು ಎಣಿಸಿದ್ದಾರಲ್ಲ ಅಂತ. ಅಂದಿನಿಂದ ನಾನು ಕನ್ನಡ ಮಾತಾಡುವಾಗ ದನಿ ತಗ್ಗಿಸತೊಡಗಿದೆ.

ಆಗಸ್ಟ್ ಮುಗಿಯುತ್ತ ಬಂದಂತೆ ಮೋಡ ತೆಳುವಾಗತೊಡಗಿತು. ಮಧ್ಯಾಹ್ನಕ್ಕೆ ಸೂರ್ಯ ಇಣುಕುತ್ತಿದ್ದ. ಬಿಸಿಲು ಬಿದ್ದ ಕೂಡಲೇ ಶೂಟಿಂಗ್ ಬಂದ್. ಹಗಲಿಡೀ ತಲೆಯೆತ್ತಿ ಕೂರುವುದೇ ನಮಗೆ ಕೆಲಸವಾಯಿತು. ಕೊನೆಗೆ ಒಂದೇ ಒಂದು ದೊಡ್ಡ ದೃಶ್ಯ ಉಳಿಯಿತು. ಪಿಶಾಚಿಗಳು ಬೆನ್ನಟ್ಟಿ ಬರುವಾಗ ನಾಯಕಿ ಕ್ವಾರಿಯ ಅಂಚಿನಲ್ಲಿ ಓಡಿ, ಕೆಳಗಿನ ನೀರಿಗೆ ಜಿಗಿಯಬೇಕು. ಎರಡಾಳಿಗಿಂತ ಹೆಚ್ಚು ಎತ್ತರ. ನಾಯಕಿ ಜಿಗಿಯುವ ಮಾತೇ ಇರಲಿಲ್ಲ. ಅವಳ ಬದಲು ಜಿಗಿಯಲು ಗೊತ್ತುಮಾಡಿದ್ದ ಮನುಷ್ಯ ಜಾಗ ನೋಡಿ, ಜ್ವರ ಅಂತ ಹೇಳಿಕಳಿಸಿದ.

ಗಂಗವ್ವ ತಾನೇ ಮುಂದೆ ಬಂದಳು. ‘ಆ ಅಂಚಿನ ಮ್ಯಾಲ ತಲಿಮ್ಯಾಲ ಕಲ್ಲಿನ ಬುಟ್ಟಿ ಹೊತ್ತು ದಿನಾ ಅಡ್ಡಾಡೀನ್ರಿ. ಊರಾಗ ಬಾವಿಗೆ ಜಿಗದ ಈಸು ಕಲ್ತಾಕಿ ನಾನು. ಆ ಅಕ್ಕಾರಿಗಿಂತ ಛಲೋ ಜಿಗೀತೀನಿ.’

ಬೆಹರಾಂಜಿ ಒಪ್ಪಲು ಹಿಂದೆ ಮುಂದೆ ನೋಡಿದರು. ‘ಅವರಿಗೆ ನಿಜವಾಗಿ ಈಜು ಬರುತ್ತದೆಯೇ ಕೇಳಿ. ಇಷ್ಟವಿಲ್ಲದಿದ್ದರೆ ಬೇಡ ಅಂತಲೂ ಹೇಳಿ.’ ನಾನು ಕೇಳಿದೆ, ಹೇಳಿದೆ. ಅವಳು ನಕ್ಕಳು. ಆಗ ಎಲ್ಲ ಸರಿಯಾಗಿಯೇ ಇತ್ತು.

ಮರುದಿನ ಹೆಂಗಸರು ಅವಳಿಗೆ ಪ್ಯಾಂಟು, ರೆಕ್ಸಿನ್ ಜಾಕೀಟು ತೊಡಿಸಿ ಬಿದ್ದು ಬಿದ್ದು ನಕ್ಕರು. ನಗದೇ ಇದ್ದದ್ದು ಅವಳ ಕೂದಲು ಬಿಚ್ಚಿದಾಗ ಮಾತ್ರ. ಗಂಡಸರ ಮುಂದೆ ಕೂದಲು ಬಿಟ್ಟುಕೊಂಡು ನಿಲ್ಲುವುದು ಅವಳಿಗೆ ಕಷ್ಟವಾಯಿತು. ಹಣಮಪ್ಪ ಮುಖ ತಿರುಗಿಸಿ ನಿಂತ. ಮೋಡ ಹತ್ತು ಗಂಟೆಯವರೆಗೆ ದಟ್ಟವಾಗಿತ್ತು. ಆಮೇಲೆ ಪಶ್ಚಿಮದಲ್ಲಿ ಒಂದು ಕಡೆ ಬೆಳ್ಳಗೆ ಹರಿಯಿತು.

‘ಹದಿನೈದು ನಿಮಿಷ. ಅಷ್ಟೇ ಇರೋದು’ ಅಂದ ಶಿಂದೆ, ಆಕಾಶ ನೋಡುತ್ತ.

ನಾನು ಅಂಚಿಗೆ ಹತ್ತಿ ಗಂಗವ್ವನಿಗೆ ಜಿಗಿಯುವ ಜಾಗ ತೋರಿಸಿದೆ. ಸುಣ್ಣದಲ್ಲಿ ಒಂದು ಗುರುತು ಹಾಕಿದ್ದರು. ಅವಳು ಬಗ್ಗಿ ಕೆಳಗಿನ ಕಂದು ನೀರನ್ನೇ ನೋಡಿದಳು.

‘ಅಣ್ಣಾರ, ಇಲ್ಲಿ ಬ್ಯಾಡ್ರಿ. ಇಲ್ಲಿ ನೀರಾಗ ಅರ್ಧಾ ಒಡದ ಬಿಟ್ಟ ಬಂಡಿ ಐತಿ. ಬ್ಯಾಸಗ್ಯಾಗ ನಾವ ಬಿಟ್ಟದ್ದು. ಹತ್ತ ಹೆಜ್ಜಿ ಆಚೆ ಜಿಗೀತೀನಿ ಅನ್ರಿ ಸಾಹೇಬ್ರಿಗೆ. ಅಲ್ಲಿ ನೀರು ಆಳ ಐತಿ.’ ನೀರಿನಡಿಯ ಬಂಡೆಯ ಮಾತು ಹೇಳುತ್ತ ಕೈಚಾಚಿ ಆಳದ ಜಾಗವನ್ನು ತೋರಿಸಿದಳು.

ಹತ್ತು ಹೆಜ್ಜೆ ಆಚೆ ಅಂದರೆ ಕ್ಯಾಮೆರಾ ಸರಿಸಬೇಕು. ಅದರ ಕೆಳಗಿನ ಹಲಗೆಗಳನ್ನೂ, ತಾಡಪಾಲನ್ನೂ. ನಾನು ಕೆಳಗಿಳಿದೆ. ಬೆಹರಾಂಜಿ ಕನ್ನಡಕ ಒರೆಸಿಕೊಳ್ಳುತ್ತ ನಿಂತಿದ್ದರು. ಅವರ ಪಕ್ಕದಲ್ಲಿ ಶಿಂದೆ ನನ್ನನ್ನೇ ದಿಟ್ಟಿಸುತ್ತಿದ್ದ. ಈ ದೃಶ್ಯ ಮುಗಿದರೆ ಟೈಟಲ್ಲಿನಲ್ಲಿ ಸಹಾಯಕ ನಿರ್ದೇಶಕ ಅಂತ ನಿಮ್ಮ ಹೆಸರು ಹಾಕುತ್ತೇನೆ ಅಂತ ಬೆಹರಾಂಜಿ ಅಂದೇ ಬೆಳಗ್ಗೆ ಹೇಳಿದ್ದರು. ಇಷ್ಟೆಲ್ಲ ಕಾರಣ ಕೊಡುತ್ತೇನೆ. ಆದರೆ ಒಂದನ್ನೂ ಆ ಹೊತ್ತಿಗೆ ನಾನು ಯೋಚಿಸಿರಲಿಲ್ಲ. ಬಾಯಿ ತೆರೆದೆ, ಬಂದದ್ದು ಬೇರೆ ಮಾತು.

‘ತಯಾರಾಗಿದ್ದಾಳೆ ಸಾಹೇಬ್.’

‘ಏನೋ ಕೈ ತೋರಿಸುತ್ತಿದ್ದರಲ್ಲ?’

‘ಜಿಗಿದ ಮೇಲೆ ಟವೆಲ್ ಹಿಡಿದು ಅಲ್ಲಿ ಯಾರಾದರೂ ನಿಂತಿರಲಿ ಅಂದಳು.’

‘ನಿಲ್ಲಿಸಿ, ಖಂಡಿತ ನಿಲ್ಲಿಸಿ’ ಅಂದರು.

ತಿರುಗಿ ಅಂಚಿಗೆ ಹತ್ತಿ ಗಂಗವ್ವನಿಗೆ ಹೇಳಿದೆ: ‘ಸಾಹೇಬ್ರು ಇಲ್ಲೇ ಆಗ್ಬೇಕು ಅಂತಾರ. ಬಂಡಿ ಗ್ವಾಡಿ ಹತ್ರ ಇರಬೇಕು, ಜೋರಾಗಿ ಮುಂದಕ್ಕ ಜಿಗದ್ರ ಏನೂ ಆಗಂಗಿಲ್ಲ ಅಂತ.’

ಅವಳು ಇನ್ನೊಮ್ಮೆ ಬಗ್ಗಿ ನೀರು ನೋಡಿದಳು. ‘ಸಾಹೇಬ್ರು ಹಂಗ ಅಂದ್ರೇನ್ರಿ?’

‘ಹೂಂ.’

‘ಆತ ಬಿಡ್ರಿ ಮತ್ತ.’

ನಾನು ಕ್ಯಾಮೆರಾದ ಪಕ್ಕಕ್ಕೆ ಬಂದು ನಿಂತೆ. ಸುಣ್ಣ ಬಳಿದ ಮುಖಗಳು ಕಿರುಚುತ್ತ ಅವಳ ಹಿಂದೆ ಓಡಿದವು. ಗುರುತಿನ ಹತ್ತಿರ ಬಂದಾಗ ಅವಳು ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. ನಾನು ಕೈ ಬೀಸಿದೆ. ಜಿಗಿದಳು.

ನೀರಿನಿಂದ ಅವಳನ್ನು ಎತ್ತಿ ತಂದದ್ದು ಹಣಮಪ್ಪ ಮತ್ತು ಇನ್ನಿಬ್ಬರು ಪಿಶಾಚಿಗಳು. ಎಡತೊಡೆ ತಿರುಚಿಕೊಂಡು ಬೇರೆ ದಿಕ್ಕಿಗೆ ನಿಂತಿತ್ತು. ಅವಳು ಅಳಲಿಲ್ಲ. ‘ಬಂಡಿ, ಬಂಡಿ’ ಅಂತ ಎರಡು ಸಲ ಅಂದಳು. ಅವಳ ಮೇಲೆ ಬಾಗಿದ್ದ ಬೆಹರಾಂಜಿ ಏನಂತಾರೆ, ಏನಂತಾರೆ ಅಂತ ನನ್ನನ್ನು ಕೇಳಿದರು.

‘ನೋವು ಅಂತಾಳೆ’ ಅಂದೆ.

ಟ್ಯಾಕ್ಸಿಯಲ್ಲಿ ಅವಳನ್ನು ಸಯನ್‌ಗೆ, ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೆ ತಂದೆವು. ತೊಡೆಯ ಮೂಳೆ, ಸೊಂಟದ ಮೂಳೆ ಎರಡೂ ಮುರಿದಿದ್ದವು. ನಾಲ್ಕು ತಿಂಗಳು ಕಾಲಿಗೆ ಭಾರ ಕಟ್ಟಿ ಮಲಗಿಸಿದರು. ಮೂರನೇ ದಿನ ಬೆಹರಾಂಜಿ ಮೋಸಂಬಿ ಚೀಲ ಹಿಡಿದು ನೋಡಲು ಬಂದಾಗ ಹಣಮಪ್ಪ ವರಾಂಡದಲ್ಲಿ ಎದುರಾದ.

‘ಬಂಡಿ ಐತಿ ಅಂತ ಆಕಿ ಹೇಳಿದ್ರೂ ಜಿಗೀ ಅಂದ್ಯಲ್ಲೋ!’ ಅಂದವನೇ ಅವರ ಕೆನ್ನೆಗೆ ಹೊಡೆದ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಮೋಸಂಬಿಗಳು ಉರುಳಿದವು. ಜನ ಓಡಿಬಂದು ಹಣಮಪ್ಪನನ್ನು ಹಿಡಿದರು. ಪೊಲೀಸು ಅಂದರು ಯಾರೋ. ಬೆಹರಾಂಜಿ ಬೇಡ ಬೇಡ ಅಂತ ಕೈಯಾಡಿಸಿದರು. ನಾನು ಬಗ್ಗಿ ಕನ್ನಡಕ ಎತ್ತಿಕೊಟ್ಟೆ. ಒಂದು ಗಾಜು ಬಿರುಕು ಬಿಟ್ಟಿತ್ತು.

‘ಅವರು ಏನು ಹೇಳಿ ಹೊಡೆದರು?’ ಅಂತ ಹೊರಗೆ ಬಂದ ಮೇಲೆ ಕೇಳಿದರು.

‘ಸಿಟ್ಟಿನಲ್ಲಿ ಬಯ್ದ, ಅಷ್ಟೇ ಸಾಹೇಬ್.’

‘ಸಿಟ್ಟು ಬರಬೇಕಾದ್ದೇ’ ಅಂದರು. 

ಕಾಕಾನ ಹೆಂಡತಿ, ನಮ್ಮ ಕಾಕು, ಗಂಗವ್ವನಿಗೆ ದಿನಾ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಡುತ್ತಿದ್ದಳು. ಒಯ್ಯುವವನು ನಾನೇ. ‘ಊರ ಮಂದಿಗೆ ಹಿಂಗ ಆಗಬೇಕು’ ಅಂತ ಕಾಕು ನನ್ನನ್ನು ಹೊಗಳುತ್ತಿದ್ದಳು. ಗಂಗವ್ವ ಅದಕ್ಕಿಂತ ಹೆಚ್ಚು.

‘ನೀವರ ಹೋಗಿ ಕೇಳಿದ್ರಿ. ಅವ್ರು ಒಪ್ಪಲಿಲ್ಲ. ನಿಮ್ಮದೇನ ತಪ್ಪೈತ್ರಿ ಅಣ್ಣಾರ? ನಿಮ್ಮ ಋಣ ಯಾವಾಗ ತೀರಸಲಿ’ ಅಂತ ಒಂದು ದಿನ ನನ್ನ ಕೈ ಹಿಡಿದುಕೊಂಡಳು. ರೊಟ್ಟಿಯ ಡಬ್ಬಿ ಇನ್ನೊಂದು ಕೈಯಲ್ಲಿತ್ತು. ಕೈ ಬಿಡಿಸಿಕೊಂಡು ಅದರ ಮುಚ್ಚಳ ತೆಗೆದೆ. ‘ಪಲ್ಯ ಆರ್ತೈತಿ, ತಿನ್ನವಾ’ ಅಂದೆ.

ಚಳಿಗಾಲದಲ್ಲಿ ಅವಳು ಕೋಲೂರಿಕೊಂಡು ದಹಿಸರ್‌ಗೆ ವಾಪಸಾದಳು. ಎಡಗಾಲು ಗಿಡ್ಡವಾಗಿತ್ತು. ತಲೆಯ ಮೇಲೆ ಕಲ್ಲು ಹೊರುವುದು ಅಲ್ಲಿಗೆ ಮುಗಿಯಿತು. ಅವಳು ಹೋದ ಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಚಿತ್ರ ಬಿಡುಗಡೆಯಾಗಲು ಒಂದೂವರೆ ವರ್ಷ ಹಿಡಿಯಿತು. ಕುರ್ಲಾದ ಒಂದು ಥಿಯೇಟರಿನಲ್ಲಿ ಬೆಳಗಿನ ಆಟ ಮಾತ್ರ. ನಾನು ಒಬ್ಬನೇ ಹೋದೆ. ನನ್ನ ಹೆಸರು ಬಂತು, ಸರಿಯಾದ ಕಾಗುಣಿತದಲ್ಲೇ ಬಂತು. ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಅರ್ಧ ನಿದ್ದೆಯಲ್ಲಿದ್ದರು. ಪಿಶಾಚಿಗಳನ್ನು ನೋಡಿ ನಕ್ಕರು. ಆ ಜಿಗಿತ ಬಂದಾಗ ಮಾತ್ರ ಎದ್ದು ಕೂತು ಸೀಟಿ ಹೊಡೆದರು.

ಸೀಟಿಗಳ ನಡುವೆ ನಾನು ಕಂಡದ್ದು ಬೇರೆ. ಜಿಗಿಯುವ ಮುಂಚೆ ಅವಳು ಕತ್ತು ತಿರುಗಿಸಿದ್ದನ್ನು ಬೆಹರಾಂಜಿ ಕತ್ತರಿಸಿರಲಿಲ್ಲ. ಪರದೆಯ ತುಂಬ ಗಂಗವ್ವನ ಮುಖ, ಕಟ್ಟಿರದ ಕೂದಲು, ನೇರವಾಗಿ ನನ್ನನ್ನು ನೋಡುವ ಕಣ್ಣು. ನೋಡುವವರಿಗೆ ಅದು ಬೆನ್ನಟ್ಟಿ ಬಂದವರ ಭಯ. ನನಗೆ ಗೊತ್ತಿತ್ತು, ಅವಳು ಇನ್ನೊಂದು ಸಲ ಕೇಳುತ್ತಿದ್ದಾಳೆ: ಜಿಗೀಲೇನ್ರಿ ಅಣ್ಣಾರ?

ಎದ್ದು ಹೊರಗೆ ಬಂದೆ. ಕುರ್ಲಾದಿಂದ ದಾದರ್‌ಗೆ, ಅಲ್ಲಿ ಬದಲಿಸಿ ದಹಿಸರ್‌ಗೆ. ದಾರಿಯುದ್ದಕ್ಕೂ ವಾಪಸು ಹೋಗಲು ಕಾರಣ ಹುಡುಕುತ್ತಲೇ ಇದ್ದೆ. ಗಂಗವ್ವ ಗುಡಿಸಲಿನ ಮುಂದೆ ಗಿಡ್ಡಗಾಲು ಚಾಚಿಕೊಂಡು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು.

‘ಎಷ್ಟ ದಿನಾ ಆತ್ರಿ ಅಣ್ಣಾರ! ಬರ್ರಿ, ಕುಂಡ್ರಬರ್ರಿ.’

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬಂಡೆಯ ಮಾತನ್ನು ಸಾಹೇಬರಿಗೆ ನಾನು ಹೇಳಲೇ ಇಲ್ಲ, ಇಲ್ಲೇ ಜಿಗಿ ಅಂತ ಅವರು ಅನ್ನಲೂ ಇಲ್ಲ, ಅದು ನನ್ನ ಮಾತು ಅಂತ.

ಅವಳ ಕೈಯ ಸೂಜಿ ನಿಂತಿತು. ಕೇಳಿದಳು: ‘ಒಂದ ಮಾತೂ ಹೇಳಲಿಲ್ಲ?’

‘ಇಲ್ಲ.’

‘ನಮ್ಮ ಮಾತ ಬಲ್ಲಾವ್ರು ಅಲ್ಲಿ ನೀವೊಬ್ಬರ ಇದ್ರಿ.’

ಬೈಗುಳಕ್ಕೆ ನಾನು ತಯಾರಾಗಿ ಬಂದಿದ್ದೆ. ಇದಕ್ಕೆ ತಯಾರಿರಲಿಲ್ಲ. ಕ್ಷಮಿಸು ಅಂತ ಶುರು ಮಾಡಿದೆ. ಅವಳು ಕೈಯೆತ್ತಿ ತಡೆದಳು. ‘ನಮ್ಮಾಂವ ಆ ಮುದುಕಗ ಹೊಡದಾನ. ನಾನೂ ದಿನಾ ಶಾಪ ಹಾಕೀನಿ, ಮಲಕೊಂಡಲ್ಲೇ. ಅವರ್ನ ಕರಕೊಂಡ ಬರ್ರಿ. ನನಗಲ್ಲ, ಅವರಿಗೆ ಮೊದಲ ಹೇಳ್ರಿ.’

ಬೆಹರಾಂಜಿ ಆಗ ಆಫೀಸು ಮುಚ್ಚಿ ಮನೆಯಲ್ಲಿದ್ದರು. ಮರುದಿನ ಬೆಳಗ್ಗೆ ಹೋಗಿ ಹೇಳಿದೆ. ಅವರು ನನ್ನನ್ನು ಕೂರಿಸಿ, ಕೊನೆಯವರೆಗೆ ಕೇಳಿದರು. ಸಿಟ್ಟಾಗಲಿಲ್ಲ. ‘ಟವೆಲ್ ಅಂದಿರಿ’ ಅಂದರು, ತಮಗೆ ತಾವೇ. ಆಮೇಲೆ ಎದ್ದು ಟೋಪಿ ಹಾಕಿಕೊಂಡರು. ‘ನಡೆಯಿರಿ.’ ಲೋಕಲ್‌ನಲ್ಲಿ ಕಿಟಕಿಯ ಹತ್ತಿರ ಕೂತು, ದಹಿಸರ್ ಬರುವವರೆಗೆ ಹೊರಗೇ ನೋಡುತ್ತಿದ್ದರು.

ಹಣಮಪ್ಪ ಗುಡಿಸಲಿನಲ್ಲೇ ಇದ್ದ. ಅವಳು ಅವನಿಗೆ ಹೇಳಿದ್ದಳು ಅಂತ ಅವನು ನನ್ನ ಕಡೆ ನೋಡದ ರೀತಿಯಲ್ಲೇ ಗೊತ್ತಾಯಿತು. ಒಳಗಿನಿಂದ ಒಂದು ಸ್ಟೂಲು ತಂದು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಬೆಹರಾಂಜಿಯ ಮುಂದಿಟ್ಟ. ಕೈಮುಗಿದ. ತಲೆ ಎತ್ತಲಿಲ್ಲ. ಬೆಹರಾಂಜಿ ಅವನ ಮುಗಿದ ಕೈಗಳನ್ನು ಬಿಡಿಸಿ ಕೂತರು. ನಾನು ನೆಲದ ಮೇಲೆ, ಇಬ್ಬರ ನಡುವೆ ಕೂತೆ. ಗಂಗವ್ವ ಹೇಳಿದ್ದನ್ನು ಈ ಸಲ ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಬೇಕು ಅಂತ ಮೈಯೆಲ್ಲ ಕಿವಿಯಾಗಿದ್ದೆ.

ಅವಳು ಬೆಹರಾಂಜಿಯ ಕಡೆ ತಿರುಗಿದಳು. ‘ಸಾಬ್, ಉಸ್ ದಿನ್ ಮೈ ಬೋಲಾ ಥಾ. ಪಾನೀ ಮೇ ಪತ್ಥರ್ ಹೈ ಬೋಲಾ. ಆಪ್ ಕೋ ಮಾಲೂಮ್ ಹೋತಾ ತೋ ಕ್ಯಾ ಕರ್ತಾ?’

ಆ ದಿನ ನೀರಿನಲ್ಲಿ ಕಲ್ಲಿದೆ ಅಂದಿದ್ದೆ, ನಿಮಗೆ ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಅವಳೇ ಹಿಂದಿಯಲ್ಲಿ ಕೇಳುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತ ಉಳಿದೆ. ನಾಲ್ಕು ತಿಂಗಳು ಆ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯ ಹೆಂಗಸರಿಂದ ಅವಳು ಹಿಂದಿ ಕಲಿತಿದ್ದಳು. ದಿನಾ ರೊಟ್ಟಿ ಒಯ್ದ ನನಗೆ ಅದು ಗೊತ್ತಿರಲಿಲ್ಲ. ನನ್ನ ಹತ್ತಿರ ಅವಳು ಮನೆಮಾತನ್ನೇ ಆಡುತ್ತಿದ್ದಳು.

ಬೆಹರಾಂಜಿ ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ‘ಕ್ಯಾಮೆರಾ ಸರ್ಕಾ ದೇತಾ, ಬೇಟೀ. ದಸ್ ಮಿನಟ್ ಕಾ ಕಾಮ್ ಥಾ.’

ಕ್ಯಾಮೆರಾ ಸರಿಸುತ್ತಿದ್ದೆ ಮಗಳೇ, ಹತ್ತು ನಿಮಿಷದ ಕೆಲಸ. ಅದನ್ನು ಅವಳಿಗೆ ಹೇಳಲು ಅಭ್ಯಾಸಬಲದಿಂದ ಬಾಯಿ ತೆರೆದೆ.

‘ನೀವ ಸುಮ್ಮನಿರ್ರಿ’ ಅಂದಳು ಗಂಗವ್ವ, ಮೆಲ್ಲಗೆ, ನನ್ನ ಕಡೆ ತಿರುಗದೆ. ‘ನನಗ ತಿಳೀತು.’

ಆಮೇಲೆ ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಕಾಲಿನ ಬಗ್ಗೆ, ಕೌದಿಯ ಬಗ್ಗೆ, ಅವರ ಕನ್ನಡಕಕ್ಕೆ ಹೊಸ ಗಾಜು ಹಾಕಿಸಿದ ಬಗ್ಗೆ. ತಡವರಿಸಿದಲ್ಲಿ ಕೈಸನ್ನೆ ಮಾಡಿದರು. ನಾನು ನಡುವೆ ಕೂತೇ ಇದ್ದೆ, ಯಾರೂ ನನ್ನನ್ನು ಏನೂ ಕೇಳಲಿಲ್ಲ.